ತುರ್ಕಿಯ ಯುರೇನಿಯಂ ವಾರ್ತೆ, 2002: ಒಂದು ಆಕರ ವಿಮರ್ಶೆ

2002ನೆಯ ಇಸವಿಯ ಸೆಪ್ಟೆಂಬರ್ 28ರಂದು ತುರ್ಕಿ ದೇಶದಿಂದ ಹೊರಟ ಒಂದು ವಾರ್ತೆಯು ಒಂದೆರಡು ದಿನಗಳಲ್ಲಿಯೇ ಲೋಕದ ಪ್ರಮುಖ ಪತ್ರಿಕೆಗಳಲ್ಲೆಲ್ಲ ಹರಡಿತು. ಸಿರಿಯದ ಗಡಿಗೆ ಹೊಂದಿಕೊಂಡ ಶಾನ್ಲಿಉರ್ಫಾ ಪ್ರಾಂತದಲ್ಲಿ ಪೋಲೀಸರು ಒಂದು ಟ್ಯಾಕ್ಸಿಯನ್ನು ಶೋಧಿಸಿ, ಸೀಸದ ಪಾತ್ರೆಯೊಂದರಲ್ಲಿ ಅಡಗಿಸಿದ್ದ ಅಸ್ತ್ರಯೋಗ್ಯ ಯುರೇನಿಯಮ್ಮನ್ನು ವಶಪಡಿಸಿಕೊಂಡರೆಂದೂ, ಅದರ ತೂಕವು 15 ಕಿಲೋಗ್ರಾಂಗೂ ಹೆಚ್ಚೆಂದೂ, ಇಬ್ಬರು ಬಂಧಿತರಾದರೆಂದೂ ಅನಾದೋಲು ವಾರ್ತಾಸಂಸ್ಥೆಯು ತಿಳಿಸಿತು.

ಈ ವಾರ್ತೆ ಬಂದ ಗಳಿಗೆಯನ್ನು ಮರೆಯಲಾಗದು. ಇರಾಕು ಆಫ್ರಿಕದಿಂದ ಯುರೇನಿಯಂ ಪಡೆಯಲು ಯತ್ನಿಸಿತೆಂದು ಸಾರಿದ ಬ್ರಿಟಿಷ್ ಸರಕಾರದ ಪ್ರಕಟಣೆಯು ಹೊರಬಿದ್ದು ಆಗ ನಾಲ್ಕೇ ದಿನಗಳಾಗಿದ್ದುವು. ಯುದ್ಧದ ಮಾತು ಎಲ್ಲೆಡೆಯೂ ನಡೆದಿತ್ತು. ಆದುದರಿಂದ ಹಲವು ವರದಿಗಳು ಸ್ಥಳವು ಇರಾಕಿನ ಗಡಿಗೆ ಎಷ್ಟು ದೂರವೆಂಬುದನ್ನೂ ಜತೆಗೇ ಮುದ್ರಿಸಿದುವು. ವಸ್ತು ಎಲ್ಲಿಗೆ ಹೊರಟಿತ್ತೆಂಬುದು ಗೊತ್ತಿರಲಿಲ್ಲ, ಆದರೆ ಓದುಗನು ಊಹಿಸಿಕೊಳ್ಳಲು ಅಷ್ಟೇ ಸಾಕಾಗಿತ್ತು.

ಕೆಲವೇ ದಿನಗಳಲ್ಲಿ ಅಂಕೆ ಕುಸಿಯಿತು. ಮೊದಲು ಹೇಳಿದ ತೂಕದಲ್ಲಿ ಸೀಸದ ಪಾತ್ರೆಯ ಭಾರವೂ ಸೇರಿತ್ತೆಂದೂ, ಒಳಗಿದ್ದುದು ಸುಮಾರು 140 ಗ್ರಾಂ ಮಾತ್ರವೆಂದೂ ಅಧಿಕಾರಿಗಳು ತಿದ್ದಿ ಹೇಳಿದರು. ಅನಂತರ ತುರ್ಕಿಯ ಪರಮಾಣು ಸಂಸ್ಥೆಯ ಪರೀಕ್ಷೆಯಲ್ಲಿ ಅದು ಯುರೇನಿಯಮ್ಮೇ ಅಲ್ಲವೆಂದೂ, ಸತು, ಕಬ್ಬಿಣ, ಜಿರ್ಕೋನಿಯಂ, ಮ್ಯಾಂಗನೀಸುಗಳಿಂದ ಕೂಡಿದ ನಿರಪಾಯಕರ ವಸ್ತುವೆಂದೂ ಹೊರಪಟ್ಟಿತು. ಮೊದಲ ವರದಿಗಾರರನ್ನು ಹಳಿಯುವುದು ಸುಲಭ. ಆದರೆ ಯುರೇನಿಯಂ ಅತಿ ಸಾಂದ್ರವಾದ ಲೋಹ. 15 ಕಿಲೋಗ್ರಾಂ ಯುರೇನಿಯಂ ಒಂದು ಲೀಟರಿನ ಪಾತ್ರೆಯನ್ನೂ ತುಂಬದು. ಸಣ್ಣ ಪಾತ್ರೆಯ ದೊಡ್ಡ ತೂಕವು ಸಂದೇಹಕ್ಕೆ ಬದಲು ನಂಬಿಕೆಯನ್ನೇ ಹುಟ್ಟಿಸಿದ್ದರೆ ಆಶ್ಚರ್ಯವೇನು?

ಹಾಗೆಂದು, ಇಂತಹ ವಾರ್ತೆಗಳೆಲ್ಲ ಪೊಳ್ಳೆಂಬ ಸೂತ್ರವನ್ನು ಹಿಡಿಯಲಾಗದು. 1994ರ ಆಗಸ್ಟ್ 10ರಂದು ಜರ್ಮನಿಯ ಮ್ಯೂನಿಕ್ ವಿಮಾನನಿಲ್ದಾಣದಲ್ಲಿ, ಮಾಸ್ಕೋದಿಂದ ಬಂದ ವಿಮಾನದಲ್ಲಿ ಸಿಕ್ಕಿದ ಸುಮಾರು 363 ಗ್ರಾಂ ಪ್ಲುಟೋನಿಯಂ ನಿಜವಾದುದೇ ಆಗಿತ್ತು. ಅಲ್ಲಿ ಬದಲಾದುದು ತೂಕವಲ್ಲ, ಕಥೆ. ಆ ವ್ಯಾಪಾರವನ್ನು ಕುದುರಿಸುವುದರಲ್ಲಿ ಜರ್ಮನ್ ಗುಪ್ತಚರ ಇಲಾಖೆಯ ಕೈವಾಡವೂ ಇತ್ತೆಂದು 1995ರಲ್ಲಿ ‘ಡೇರ್ ಶ್ಪೀಗೆಲ್’ ಪತ್ರಿಕೆಯು ಪ್ರಕಟಿಸಿತು. ಅಲ್ಲಿನ ಸಂಸತ್ತು ವಿಚಾರಣಾ ಸಮಿತಿಯನ್ನು ನೇಮಿಸಿತು.

ಸೆಪ್ಟೆಂಬರ್ 29ರ ಪತ್ರಿಕೆಯನ್ನು ಮಾತ್ರ ನೋಡಿ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿಯು ಏನು ಮಾಡಿದಂತಾಯಿತು? ಪಾತ್ರೆಯಲ್ಲಿ ಏನಿತ್ತೆಂಬುದಕ್ಕೆ ಆ ಪುಟವು ಪ್ರಮಾಣವಾಗಲಾರದು. ಅಂದು ಜನರು ಏನನ್ನು ನಂಬಲು ಸಿದ್ಧರಿದ್ದರೆಂಬುದಕ್ಕೆ ಮಾತ್ರ ಅದಕ್ಕಿಂತ ಉತ್ತಮವಾದ ಸಾಕ್ಷಿಯಿಲ್ಲ. ಇವೆರಡನ್ನು ಬೆರಸಿದರೆ, ನಾವು ಬರೆಯುವ ಪಾಠಪುಸ್ತಕದಲ್ಲಿಯೂ ಸೀಸದ ತೂಕವೇ ಯುರೇನಿಯಮ್ಮಾಗಿ ಉಳಿದೀತು. ಇರಾಕಿನ ಮೇಲಣ ದಾಳಿ 2003ರ ಮಾರ್ಚಿನಲ್ಲಿ ಆರಂಭವಾಯಿತು. ಅಮೆರಿಕವೇ ಕಳುಹಿಸಿದ ಶೋಧಕರು 2004ರಲ್ಲಿ ಒಪ್ಪಿಸಿದ ವರದಿಯಲ್ಲಿ, 1991ರ ತರುವಾಯ ಆ ದೇಶವು ತನ್ನ ಅಣ್ವಸ್ತ್ರ ಯೋಜನೆಯನ್ನು ಮತ್ತೆ ಆರಂಭಿಸಿದುದಕ್ಕೆ ಕುರುಹು ಕಾಣಲಿಲ್ಲವೆಂದು ನಮೂದಿಸಿದರು.