ಹುಚ್ಚಿನ ಕಾರಣವೆಂಬ ಅಂಕಣ

ನಮ್ಮ ಸುರೇಬಾನದ ಕಡೆಯಲ್ಲಿ ಯಾರಿಗಾದರೂ ಬುದ್ಧಿಭ್ರಮಣೆಯಾದರೆ ‘ಧಾರವಾಡಕ್ಕೆ ಕಳಿಸಿರಿ’ ಎನ್ನುವ ವಾಡಿಕೆಯುಂಟಷ್ಟೆ. ಅಲ್ಲಿಯ ಹುಚ್ಚರ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ಕಾಲದ ಹಿಂದುಸ್ಥಾನದಲ್ಲಿ ಇಂಥ ಆಸ್ಪತ್ರೆಗಳ ವರದಿಗಳು ಹುಚ್ಚಿಗೆ ಕಾರಣವೆಂದು ಗಾಂಜಾದ ಹೆಸರನ್ನು ಮೇಲಿಂದಮೇಲೆ ಹೇಳುತ್ತಿದ್ದುವು. ವಿಲಾಯತಿಯ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೆದ್ದು, 1893ರಲ್ಲಿ ಸರಕಾರವು ಮ್ಯಾಕ್‌ವರ್ಥ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗವನ್ನು ನೇಮಿಸಿತು. ಅವರಲ್ಲಿ ಮೂವರು ನಮ್ಮ ದೇಶದವರು.

ಆಯೋಗವು 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ನನಗೆ ಹಿರಿದಾಗಿ ತೋರುವುದು ಅದಲ್ಲ. 1892ರಲ್ಲಿ ಆಸ್ಪತ್ರೆ ಸೇರಿದ 1344 ರೋಗಿಗಳ ಪೈಕಿ 222 ಜನರ ಹುಚ್ಚು ಭಂಗಿ, ಗಾಂಜಾಗಳಿಂದ ಆದದ್ದೆಂದು ದಾಖಲಾಗಿದ್ದಿತು. ಆಯೋಗದವರು ಅದನ್ನು ನಂಬಿ ಕೂಡದೆ, ಸಾಧ್ಯವಾದಲ್ಲೆಲ್ಲ ರೋಗಿಯ ಊರಿನಲ್ಲಿಯೇ ಮರುವಿಚಾರಣೆ ಮಾಡಿಸಿದರು. ಒಪ್ಪಬಹುದಾದವು 98 ಉಳಿದುವು. ಬೇರೆ ಕಾರಣ ಬೆರೆಯದವು 61 ಮಾತ್ರ! ರೋಗಿಯನ್ನು ಹಿಡಿದು ತಂದ ಪೋಲೀಸರು ಪತ್ರಕದ ‘ಕಾರಣ’ವೆಂಬ ಅಂಕಣವನ್ನು ಬರಿದೆ ಬಿಡಲಾರದೆ ‘ಗಾಂಜಾ’ ಎಂದು ತುಂಬುವರು. ಆಸ್ಪತ್ರೆಯವರು ಅದನ್ನೇ ನಕಲು ಮಾಡುವರು. ವರ್ಷಾಂತ್ಯಕ್ಕೆ ಅದು ಶಾಸ್ತ್ರಸಿದ್ಧವಾದ ಅಂಕಿಯಾಗುವುದು. ಆಯುಷ್ಯವೆಲ್ಲ ಶಾಲೆಯ ಪತ್ರಕಗಳನ್ನು ತುಂಬಿದ ನನಗೆ ಈ ವ್ಯಾಧಿ ಹೊಸದಲ್ಲ.

ಮಿತಸೇವನೆಯಿಂದ ಮನಸ್ಸಿಗೆ ಕೇಡಿಲ್ಲ, ಅತಿಸೇವನೆಯಿಂದ ಹುಚ್ಚು ಉಂಟಾಗಬಹುದು ಎಂದು 1894ರ ವರದಿಯು ನಿರ್ಣಯಿಸಿತು. ಇಂದಿನ ವೈದ್ಯಸಂಶೋಧಕರು ಇದರ ಪೂರ್ವಾರ್ಧವನ್ನು ಅಷ್ಟು ಸುಲಭವಾಗಿ ಒಪ್ಪರು. ಎಳೆಯ ವಯಸ್ಸಿನಲ್ಲಿ ನಿತ್ಯವೂ ಸೇದತೊಡಗಿದವರಿಗೆ ಚಿತ್ತವಿಕಾರದ ಭಯವು ಹೆಚ್ಚೆಂದು ಅವರು ಕಂಡುಕೊಂಡಿರುವರು.