ಒಂದೇ ಅಕ್ಷರ, ಎರಡು ನಂಬಿಕೆ

ಈಗಿನ ಮೇಘಾಲಯದ ಖಾಸಿ ಜನರಿಗೆ ಭಾಷೆಯಿತ್ತು, ಅದಕ್ಕೊಂದು ನೆಲೆನಿಂತ ಲಿಪಿ ಇರಲಿಲ್ಲ. ಕಥೆ, ಕಟ್ಟಳೆ, ಪ್ರಾರ್ಥನೆ ಎಲ್ಲವೂ ಬಾಯಿಂದ ಬಾಯಿಗೆ ಸಾಗಿ ಬಂದವು. ಬಂಗಾಳದ ಸೆರಾಂಪುರದ ಮಿಷನರಿಗಳು 1831ರಲ್ಲಿ ಬಂಗಾಳಿ ಲಿಪಿಯಲ್ಲಿ ಖಾಸಿ ಹೊಸ ಒಡಂಬಡಿಕೆಯನ್ನು ಅಚ್ಚು ಮಾಡಿಸಿದರು. ಬೆಟ್ಟದಲ್ಲಿ ಅದನ್ನು ಓದಬಲ್ಲವರು ವಿರಳವಾಗಿದ್ದರು.

1841ರಲ್ಲಿ ಚಿರಾಪುಂಜಿಗೆ ಬಂದ ಥಾಮಸ್ ಜೋನ್ಸ್ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬಡಗಿಯೊಬ್ಬನ ಮಗ. ಆತ ಖಾಸಿ ಕಲಿತು, ಅದನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಕ್ರಮ ರೂಪಿಸಿದ. ತನ್ನ ತಾಯ್ನುಡಿ ವೆಲ್ಷ್‌ನ ಕಾಗುಣಿತವೇ ಅದಕ್ಕೆ ಮಾದರಿ. ಶಾಲೆಗಳು ತೆರೆದವು, ಪಾಠಪುಸ್ತಕಗಳು ಬಂದವು.

ಆದರೆ ಈ ಅಕ್ಷರದ ಜೊತೆಗೇ ಹೊಸ ಮತದ ಕರೆಯೂ ಇತ್ತು. ತಾಯಿಯಿಂದ ವಂಶ ಎಣಿಸುವ ಖಾಸಿಗಳಲ್ಲಿ ಪೂರ್ವಜರ ಕ್ರಿಯೆಗಳ ಹೊಣೆ ಮನೆಯ ಕಿರಿಯ ಮಗಳದು. ಹಿರಿಯರ ಮನೆಯೂ ಅವಳಿಗೇ. ಅವಳು ಮತ ಬದಲಿಸಿದರೆ ಹಳೆಯ ಕಟ್ಟಳೆಯಂತೆ ಆ ಸ್ಥಾನ ಕೈತಪ್ಪುತ್ತಿತ್ತು. ಮತಾಂತರ ಒಬ್ಬರ ನಂಬಿಕೆಯ ಮಾತಷ್ಟೇ ಆಗದೆ, ಇಡೀ ಕುಲವನ್ನೇ ಅಲುಗಿಸಿದ್ದು ಇದರಿಂದಲೇ.

ಇದಕ್ಕೆ ಉತ್ತರವೂ ಅದೇ ಲಿಪಿಯಲ್ಲಿ ಬಂತೆಂಬುದು ಗಮನಾರ್ಹ. ಜೀಬನ್ ರಾಯ್ 1896ರಲ್ಲಿ ಶಿಲ್ಲಾಂಗ್‌ನಲ್ಲಿ ರಿ ಖಾಸಿ ಮುದ್ರಣಾಲಯ ಸ್ಥಾಪಿಸಿ, ಖಾಸಿಗಳ ನೀತಿ-ನಂಬಿಕೆಗಳನ್ನು ಪುಸ್ತಕಕ್ಕೆ ಇಳಿಸಿದರು. 1899ರಲ್ಲಿ ಹದಿನಾರು ಯುವಕರು ಸೇರಿ ಮೂಲಧರ್ಮದ ರಕ್ಷಣೆಗೆ ‘ಸೆಂಗ್ ಖಾಸಿ’ ಸಂಘ ಕಟ್ಟಿದರು.

2011ರ ಜನಗಣತಿಯಂತೆ ಮೇಘಾಲಯದ ನಾಲ್ವರಲ್ಲಿ ಸುಮಾರು ಮೂವರು ಕ್ರೈಸ್ತರು. ಆದರೂ ಸೆಂಗ್ ಖಾಸಿ ಉಳಿದಿದೆ. ಬೈಬಲ್ ಓದಿಸಲೆಂದು ಬಂದ ಅಕ್ಷರ, ಬೈಬಲ್ ಒಪ್ಪದವರ ಸ್ವತ್ತೂ ಆಯಿತು.