ಮುಂದಿನ ಗುಂಡು ಯಾವ ಜೇಬಲ್ಲಿ?

ಹೈಸ್ಕೂಲಲ್ಲಿ ನಾನು ಎನ್‌ಸಿಸಿ ಸೇರಿದ್ದು ದೇಶಭಕ್ತಿಯಿಂದೇನೂ ಅಲ್ಲ. ಪರೇಡ್ ಮುಗಿದ ಮೇಲೆ ಪೂರಿ-ಸಾಗು ಕೊಡ್ತಾರೆ ಅಂತ ಸುದ್ದಿ ಇತ್ತು, ಅಷ್ಟೇ. ಆದರೆ ಕ್ಯಾಂಪಿನ ನಾಲ್ಕನೇ ದಿನ ಫೈರಿಂಗ್‌ಗೆ ಕರೆದುಕೊಂಡು ಹೋದಾಗ ಪೂರಿ ಮರೆತೇ ಹೋಯ್ತು. .22 ರೈಫಲ್. ಒಬ್ಬೊಬ್ಬನಿಗೆ ಐದೇ ಗುಂಡು. ಹೊಡೆದಾದ ಮೇಲೆ ಐದು ಖಾಲಿ ಕಾಡತೂಸುಗಳನ್ನು ಎಣಿಸಿ ವಾಪಸ್ ಕೊಡಬೇಕು. ಅದಕ್ಕೆ ಅಲ್ಲಿ ಖೋಕಾ ಅಂತಾರೆ.

ನನ್ನ ಸರದಿ ಮುಗೀತು. ಎಣಿಸಿದರೆ ನಾಲ್ಕೇ ಖೋಕಾ. ಉಸ್ತಾದ್ರು ಬೆಳಗಾವಿ ಕಡೆಯವರು. “ಹುಡುಕ್ರಿ. ಸಿಗೋತನಕ ಯಾರಿಗೂ ಊಟಿಲ್ಲ,” ಅಂದ್ರು. ಮೂವತ್ತು ಹುಡುಗರು ಮಂಡಿಯೂರಿ ಹುಲ್ಲು ಬಾಚಿದ್ವಿ. ಅರ್ಧ ಗಂಟೆ ಕಳೆದ ಮೇಲೆ ಬೆವರು ಒರೆಸಿಕೊಳ್ಳೋಕೆ ಕರ್ಚೀಫ್ ಎಳೆದೆ ನೋಡಿ, ಅದರ ಜೊತೆ ಖೋಕಾನೂ ಬಂತು. ನಾನೇ ಜೇಬಿಗೆ ಹಾಕಿಕೊಂಡಿದ್ದೆ. ಯಾವಾಗ ಹಾಕಿಕೊಂಡೆ ಅಂತ ಇವತ್ತಿಗೂ ನೆನಪಿಲ್ಲ. ಹಿಂದಿನ ಎರಡು ದಿನ ಡಮ್ಮಿ ಗುಂಡು ಇಟ್ಟುಕೊಂಡು ಅಭ್ಯಾಸ ಮಾಡುವಾಗ, ಕಳೆದು ಹೋಗದಿರಲಿ ಅಂತ ತೆಗೆದದ್ದನ್ನೆಲ್ಲ ಜೇಬಿಗೆ ಹಾಕಿಸಿದ್ದರು.

“ಯಾಕ್ ಇಟ್ಕೊಂಡಿ?”

“ಗೊತ್ತಿಲ್ಲ ಸಾರ್.”

“ನಿನಗ ಗೊತ್ತಿಲ್ಲ. ನಿನ್ನ ಕೈಗೆ ಗೊತ್ತೈತಿ.”

ಎರಡು ಸುತ್ತು ಓಡಿಸಿದರು, ಆಮೇಲೆ ಊಟ ಹಾಕಿಸಿದರು. ಈಗ ಇಪ್ಪತ್ತು ವರ್ಷದ ಮೇಲೆ ಬಂದೂಕಿನ ಇತಿಹಾಸ ಓದುವ ಹುಚ್ಚು ಹತ್ತಿದೆ. ಕೋವಿ ಯಾರು ಕಂಡುಹಿಡಿದರು, ಎಷ್ಟು ದೂರ ಹೊಡೀತಿತ್ತು ಅನ್ನೋದನ್ನ ಎಲ್ಲರೂ ಬರೀತಾರೆ. ಹೊಡೆದವನು ಮುಂದಿನ ಗುಂಡನ್ನು ಎಲ್ಲಿಟ್ಟುಕೊಂಡಿದ್ದ ಅನ್ನೋದು ಅಡಿಟಿಪ್ಪಣಿಗೆ ಹೋಗಿಬಿಡುತ್ತೆ. ಆ ಅಡಿಟಿಪ್ಪಣಿಯಲ್ಲಿ ಸತ್ತವರು ಕಮ್ಮಿ ಏನಿಲ್ಲ.

17ನೇ ಶತಮಾನದ ಯುರೋಪಿನಲ್ಲಿ ಮಸ್ಕೆಟ್ ಸಿಪಾಯಿ ಹೆಗಲಿಂದ ಸೊಂಟಕ್ಕೆ ಅಡ್ಡವಾಗಿ ಒಂದು ಪಟ್ಟಿ ಹಾಕಿಕೊಳ್ತಿದ್ದ. ಅದರಿಂದ ಮರದ ಪುಟ್ಟ ಪುಟ್ಟ ಡಬ್ಬಿಗಳು ನೇತಾಡುತ್ತಿದ್ದವು. ಒಂದು ಡಬ್ಬಿಯಲ್ಲಿ ಒಂದು ಸಲಕ್ಕೆ ಬೇಕಾದಷ್ಟು ಮದ್ದು. ಸಾಮಾನ್ಯವಾಗಿ ಹನ್ನೆರಡು ಇರುತ್ತಿದ್ದವಾದ್ದರಿಂದ ಇಂಗ್ಲಿಷರಲ್ಲಿ ಅದಕ್ಕೆ ‘ಹನ್ನೆರಡು ಅಪೊಸ್ತಲರು’ ಅಂತ ಅಡ್ಡಹೆಸರು ಬಿತ್ತು. ನಡೆದರೆ ಡಬ್ಬಿಗಳು ಒಂದಕ್ಕೊಂದು ಬಡಿದು ಕಟಕಟ ಸದ್ದು, ರಾತ್ರಿ ಹೊತ್ತು ಕದ್ದು ಹೋಗೋ ಮಾತೇ ಇಲ್ಲ. ಸಾಲದ್ದಕ್ಕೆ ಕೈಯಲ್ಲಿ ಉರಿಯುವ ಬತ್ತಿ, ಎದೆ ಮೇಲೆ ಮದ್ದು. ಕಿಡಿ ಹಾರಿದರೆ ಶತ್ರು ಬೇಕಾಗಿರಲಿಲ್ಲ.

ಆಮೇಲೆ ಮದ್ದು, ಗುಂಡು ಎರಡನ್ನೂ ಒಂದೇ ಕಾಗದದ ಸುರುಳಿಯಲ್ಲಿ ಕಟ್ಟೋದು ಬಂತು. ಸೊಂಟದಲ್ಲಿ ಚರ್ಮದ ಪೆಟ್ಟಿಗೆ, ಒಳಗೆ ತೂತು ಕೊರೆದ ಮರದ ದಿಮ್ಮಿ, ತೂತಿಗೊಂದು ಸುರುಳಿ, ಮಳೆಗೆ ನೆನೆಯದ ಹಾಗೆ ಮೇಲೆ ದಪ್ಪ ಚರ್ಮದ ಮುಚ್ಚಳ. ಸುರುಳಿ ತೆಗಿ, ತುದಿ ಹಲ್ಲಿಂದ ಕಚ್ಚು, ಮದ್ದು ಸುರಿ, ಸರಳಿನಿಂದ ಜಡಿ. ಸಿಪಾಯಿಗೆ ದಿನಾ ಇದೇ ಕವಾಯತು. ಆ ‘ಕಚ್ಚು’ ಅನ್ನೋದೇ 1857ರಲ್ಲಿ ಏನು ಮಾಡಿತು ಅಂತ ನಿಮಗೆ ಗೊತ್ತು. ಎನ್‌ಫೀಲ್ಡ್ ರೈಫಲಿನ ಸುರುಳಿಗೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಅನ್ನೋ ಮಾತು ಹಬ್ಬಿತು. ಕಚ್ಚೋದು ಬೇಡ, ಕೈಯಿಂದ ಹರಿಯಿರಿ ಅಂತ ಕವಾಯತನ್ನೇ ಬದಲಾಯಿಸಿದರು. ಆದರೂ ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಸವಾರರು ಕಾಡತೂಸು ಮುಟ್ಟಲ್ಲ ಅಂದರು, ಮೇ 10ಕ್ಕೆ ದಂಗೆ ಹೊತ್ತಿಕೊಂಡಿತು. ಕಾರಣ ಅದೊಂದೇ ಅಲ್ಲ, ನಿಜ. ಆದರೂ ಪ್ರೊಸೀಜರ್ ಡಾಕ್ಯುಮೆಂಟಲ್ಲಿ ಒಂದು ಸ್ಟೆಪ್ ತಿದ್ದಿದ ಕೂಡಲೇ ಜನರ ನಂಬಿಕೆ ವಾಪಸ್ ಬರುತ್ತೆ ಅಂದುಕೊಳ್ಳುವ ಮ್ಯಾನೇಜರುಗಳು ಆಗಲೂ ಇದ್ದರು ಅನ್ನೋದು ನನಗೆ ಒಂಥರಾ ಸಮಾಧಾನ.

ಲೋಹದ ಕಾಡತೂಸು ಬಂದ ಮೇಲೆ ಲೆಕ್ಕ ಬದಲಾಯ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಸ್ಪೆನ್ಸರ್ ರೈಫಲಿನ ಹಿಡಿಯೊಳಗೆ ಏಳು ಗುಂಡು ಹಿಡಿಸುವ ಕೊಳವೆ ಇತ್ತು. ಒಂದೊಂದೇ ಗುಂಡು ತುರುಕೋದು ತಡ ಅಂತ ಬ್ಲೇಕ್ಸ್‌ಲೀ ಅನ್ನೋ ಕುದುರೆಪಡೆಯ ಅಧಿಕಾರಿ 1864ರಲ್ಲಿ ಒಂದು ಪೆಟ್ಟಿಗೆಗೆ ಪೇಟೆಂಟ್ ತಗೊಂಡ. ಅದರೊಳಗೆ ಮೊದಲೇ ಏಳೇಳು ಗುಂಡು ತುಂಬಿಟ್ಟ ತಗಡಿನ ಕೊಳವೆಗಳು. ಒಂದನ್ನು ತೆಗೆದು ರೈಫಲಿನೊಳಗೆ ಬಗ್ಗಿಸಿದರೆ ಆಯ್ತು. ಈಗಿನವರು ಸ್ಪೇರ್ ಮ್ಯಾಗಜೀನ್ ಅನ್ನೋದರ ಮುತ್ತಾತ ಇದೇ.

ಕಳಚಿ ಹಾಕುವ ಮ್ಯಾಗಜೀನ್‌ಗೆ ಜೇಮ್ಸ್ ಪ್ಯಾರಿಸ್ ಲೀ ಪೇಟೆಂಟ್ ಪಡೆದದ್ದು 1879ರಲ್ಲಿ. ಬ್ರಿಟಿಷರು ಅದನ್ನು ಲೀ-ಮೆಟ್‌ಫರ್ಡ್ ರೈಫಲಿಗೆ ಹಾಕಿಕೊಂಡರು. ಹಾಕಿಕೊಂಡು ಏನು ಮಾಡಿದರು ಗೊತ್ತಾ? ಮ್ಯಾಗಜೀನನ್ನು ರೈಫಲಿಗೇ ಕೊಂಡಿಯಿಂದ ಕಟ್ಟಿಬಿಟ್ಟರು! ಸಿಪಾಯಿ ಕಳೆದುಬಿಟ್ಟರೆ ಅಂತ. ಬ್ಯಾಂಕಿನ ಕೌಂಟರಲ್ಲಿ ಪೆನ್ನಿಗೆ ದಾರ ಕಟ್ಟಿರ್ತಾರಲ್ಲ, ಅದೇ ಬುದ್ಧಿ. ಕಳಚೋಕೆ ಬರುವ ವಸ್ತು ಮಾಡಿ, ಕಳಚದ ಹಾಗೆ ಕಟ್ಟಿ, ಗುಂಡನ್ನು ಬೇರೆಯಾಗಿಯೇ ಹೊತ್ತರು. ಬೋಯರ್ ಯುದ್ಧದಲ್ಲಿ ಎದುರಾಳಿಗಳು ಮೌಸರ್ ರೈಫಲಿಗೆ ಐದೈದು ಗುಂಡಿನ ಕ್ಲಿಪ್ಪನ್ನು ಒಂದೇ ಒತ್ತಿಗೆ ತುಂಬೋದನ್ನು ನೋಡಿದ ಮೇಲೆ ಇವರಿಗೂ ಕ್ಲಿಪ್ಪು ಬೇಕು ಅನ್ನಿಸ್ತು.

ಆ ಕ್ಲಿಪ್ಪು ಹೊರೋಕೆ 1908ರಲ್ಲಿ ಮಾಡಿದ ನೇಯ್ದ ಹತ್ತಿಯ ಪಟ್ಟಿ ನನಗೆ ತುಂಬಾ ಇಷ್ಟ. ಎಡಕ್ಕೆ ಐದು ಚೀಲ, ಬಲಕ್ಕೆ ಐದು. ಚೀಲಕ್ಕೆ ಮೂರು ಕ್ಲಿಪ್ಪು, ಹದಿನೈದು ಗುಂಡು. ಒಟ್ಟು 150. ಒಂದು .303 ಗುಂಡು ಸುಮಾರು 25 ಗ್ರಾಂ ಅಂದರೆ ಗುಂಡಿನದ್ದೇ ಹೆಚ್ಚುಕಮ್ಮಿ ಕಾಲು ಕಡಿಮೆ ನಾಲ್ಕು ಕೆಜಿ. ಭಾರವನ್ನು ಎರಡೂ ಕಡೆ ಸಮ ಹಂಚಿ ಹೆಗಲಿಗೆ ಏರಿಸಿದ್ದರು, ಎಲ್ಲರೂ ಹೊಗಳಿದರು. ಆಮೇಲೆ 1914, ಕಂದಕದ ಯುದ್ಧ. ಸಿಪಾಯಿ ಕಂದಕದ ಮಣ್ಣಿನ ಗೋಡೆಗೆ ಎಡ ಮಗ್ಗುಲು ಒತ್ತಿ ನಿಂತು ಗುಂಡು ಹಾರಿಸ್ತಾನೆ. ಎಡಗಡೆ ಚೀಲದ ಗುಂಡಿ ಉಜ್ಜಿ ಬಿಚ್ಚಿಕೊಂಡು ಕ್ಲಿಪ್ಪುಗಳು ಕೆಸರಿಗೆ ಬೀಳೋಕೆ ಶುರುವಾದವು. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವನಿಗೆ ಹೊಳೆಯದೇ ಇದ್ದದ್ದು ಇದು. ಆ ವರ್ಷವೇ ಎಡಗಡೆಯ ಚೀಲಗಳೊಳಗೆ ಒಂದೊಂದು ಪಟ್ಟಿ ಹೊಲಿದು ಸರಿಮಾಡಿದರು. ನಮ್ಮ ಭಾಷೆಯಲ್ಲಿ ಪ್ರೊಡಕ್ಷನ್‌ನಲ್ಲಿ ಸಿಕ್ಕ ಬಗ್, ತುರ್ತು ಪ್ಯಾಚ್.

ಎರಡನೇ ಮಹಾಯುದ್ಧದ ಹೊತ್ತಿಗೆ ಎದೆ ಮೇಲೆ ಎರಡು ದೊಡ್ಡ ಚೀಲ ಬಂದವು. ಅಳತೆ ಬ್ರೆನ್ ಗನ್ನಿನ ಮ್ಯಾಗಜೀನಿಂದು. ರೈಫಲ್ ಹಿಡಿದವನೂ ತನ್ನದಲ್ಲದ ಗನ್ನಿಗೆ ಮ್ಯಾಗಜೀನ್ ಹೊರಬೇಕಿತ್ತು, ತಂಡದ ಬಲವೆಲ್ಲ ಆ ಒಂದು ಗನ್ನಲ್ಲೇ ಇದ್ದದ್ದರಿಂದ. ನಮ್ಮ ಸೈನಿಕರೂ ಹೊತ್ತದ್ದು ಇದೇ ಚೀಲ.

ಇನ್ನು ಪಿಸ್ತೂಲಿನ ವಿಷಯ. ನಾನು ಹೇಳಬೇಕೆಂದಿದ್ದದ್ದು ಇಲ್ಲಿದೆ.

1970, ಏಪ್ರಿಲ್ 5ರ ನಡುರಾತ್ರಿ. ಕ್ಯಾಲಿಫೋರ್ನಿಯಾದ ನ್ಯೂಹಾಲ್ ಹತ್ತಿರ ಒಂದು ಹೋಟೆಲಿನ ಪಾರ್ಕಿಂಗ್‌ನಲ್ಲಿ ಹೆದ್ದಾರಿ ಪೊಲೀಸರು ಒಂದು ಕಾರನ್ನು ತಡೆದರು. ಒಳಗಿದ್ದವರು ಇಬ್ಬರು ಹಳೇ ಖದೀಮರು. ಐದು ನಿಮಿಷವೂ ಆಗಿರಲಿಲ್ಲ, ನಾಲ್ವರು ಪೊಲೀಸರು ಸತ್ತಿದ್ದರು. ನಾಲ್ವರೂ ಇಪ್ಪತ್ತರ ಆಸುಪಾಸಿನ ಹುಡುಗರು, ನೌಕರಿಗೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಅವರ ಹತ್ತಿರ ಇದ್ದದ್ದು ಆರು ಗುಂಡಿನ ರಿವಾಲ್ವರ್. ಹೆಚ್ಚುವರಿ ಗುಂಡು ಬೆಲ್ಟಿನ ಚರ್ಮದ ಪುಟ್ಟ ಚೀಲದಲ್ಲಿ. ಮುಚ್ಚಳ ಬಿಚ್ಚಿದರೆ ಆರೂ ಗುಂಡು ಗೊಳಕ್ಕಂತ ಅಂಗೈಗೆ ಸುರೀತವೆ. ಕತ್ತಲಲ್ಲಿ, ಎದುರಿಂದ ಗುಂಡು ಬರುವಾಗ, ನಡುಗೋ ಬೆರಳಲ್ಲಿ ಒಂದೊಂದನ್ನೇ ತೂತಿಗೆ ಹಾಕಬೇಕು. ಒಬ್ಬ ಆರೂ ಗುಂಡು ಹೊಡೆದು, ಹೀಗೆ ಮತ್ತೆ ತುಂಬಿಕೊಳ್ಳುತ್ತಿರುವಾಗಲೇ ಹಂತಕ ಹತ್ತಿರ ಬಂದು ಕೊಂದ.

ಅವನ ಬಗ್ಗೆ ಒಂದು ಕಥೆ ದಶಕಗಟ್ಟಲೆ ತರಬೇತಿ ಮೈದಾನಗಳಲ್ಲಿ ಓಡಾಡಿತು. ಸತ್ತಾಗ ಅವನ ಜೇಬಲ್ಲಿ ಆರು ಖಾಲಿ ಖೋಕಾ ಇದ್ದವಂತೆ. ರೇಂಜಿನಲ್ಲಿ ಗುಡಿಸೋ ಕೆಲಸ ತಪ್ಪಲಿ ಅಂತ ಖೋಕಾಗಳನ್ನು ಜೇಬಿಗೆ ಹಾಕಿಕೊಳ್ಳೋದು ರೂಢಿಯಾಗಿತ್ತು, ಸಾಯುವ ಹೊತ್ತಲ್ಲೂ ಕೈ ಅದನ್ನೇ ಮಾಡಿತು, ಆ ಎರಡು ಸೆಕೆಂಡು ಅವನ ಜೀವ ತೆಗೀತು ಅಂತ. ಇದನ್ನು ಮೊದಲ ಸಲ ಓದಿದಾಗ ನನ್ನ ಕೈ ತಾನಾಗೇ ಪ್ಯಾಂಟಿನ ಜೇಬು ಮುಟ್ಟಿಕೊಂಡಿತು. ನೂರಕ್ಕೆ ನೂರು ನಂಬಿದೆ.

ಆದರೆ ಅದು ಸುಳ್ಳು. ಮೈಕ್ ವುಡ್ ಅನ್ನೋ ಲೇಖಕರು ಹಳೇ ತನಿಖೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗ ಖೋಕಾಗಳು ನೆಲದ ಮೇಲೇ ಬಿದ್ದಿದ್ದು ಗೊತ್ತಾಯ್ತು. ಹುಡುಗ ಮಾಡಬೇಕಾದ್ದನ್ನೇ ಮಾಡಿದ್ದ. ತಪ್ಪಿದ್ದರೆ ಅದು ಬೆಲ್ಟಿನ ಚೀಲದ್ದು, ಚೀಲ ಕೊಟ್ಟವರದ್ದು. ಹಗಲು ಹೊತ್ತಲ್ಲಿ ಸಾವಧಾನವಾಗಿ, ಹಗುರ ಗುಂಡಲ್ಲಿ ಅಭ್ಯಾಸ ಮಾಡಿಸಿ, ರಾತ್ರಿ ಡ್ಯೂಟಿಗೆ ಬೇರೆಯದೇ ಗುಂಡು ಹೊರಲು ಬಿಟ್ಟ ವ್ಯವಸ್ಥೆಯದ್ದು. ನಮ್ಮಲ್ಲಿ ಸರ್ವರ್ ಬಿದ್ದಾಗ ಬೆಳಗಿನ ಮೀಟಿಂಗಲ್ಲಿ ‘ಹ್ಯೂಮನ್ ಎರರ್’ ಅಂತ ಬರೆದು ಮುಗಿಸ್ತಾರಲ್ಲ, ಅಲ್ಲಿ ಕೊನೇಪಕ್ಷ ಆ ಹ್ಯೂಮನ್ ಎದ್ದು ನಿಂತು ಎರಡು ಮಾತಾಡಬಹುದು. ಸತ್ತವನ ಜೇಬಿಗೆ ನಲವತ್ತು ವರ್ಷ ಇಲ್ಲದ ಖೋಕಾ ತುಂಬಿದ್ದು ನನಗೆ ಸಹಿಸೋಕಾಗದ ಅನ್ಯಾಯ. ಪಾಠ ಒಳ್ಳೇದು ಅನ್ನೋದು ಅದಕ್ಕೆ ಸಬೂಬಲ್ಲ.

ಆ ಘಟನೆಯ ನಂತರ ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರು ಆರೂ ಗುಂಡನ್ನು ಒಟ್ಟಿಗೆ ಹಿಡಿಯುವ ಸ್ಪೀಡ್‌ಲೋಡರ್ ತಗೊಂಡರು. 1986ರಲ್ಲಿ ಮಯಾಮಿಯಲ್ಲಿ ಎಫ್‌ಬಿಐನ ಇಬ್ಬರು ಸತ್ತರು, ಐವರಿಗೆ ಗಾಯ. ಕೈಗೆ ಗುಂಡು ತಗುಲಿದವನೊಬ್ಬನಿಗೆ ರಿವಾಲ್ವರ್ ತುಂಬೋಕೇ ಆಗಲಿಲ್ಲ. ಅಲ್ಲಿಂದ ಮುಂದೆ ಮ್ಯಾಗಜೀನ್ ಇರುವ ಪಿಸ್ತೂಲುಗಳದ್ದೇ ಕಾಲ. ಈಗ ಬಲಗೈಯವನಾದರೆ ಸ್ಪೇರ್ ಮ್ಯಾಗಜೀನ್ ಬೆಲ್ಟಿನ ಎಡಕ್ಕೆ, ಗುಂಡಿನ ಮೂತಿ ಮುಂದಕ್ಕೆ. ತೋರುಬೆರಳು ಅದರ ಮುಂಬದಿಗೆ ಒರಗಿ ಮೇಲಿನ ಗುಂಡಿನ ತುದಿ ಮುಟ್ಟಬೇಕು. ಹಾಗಾದರೆ ಕಣ್ಣು ಬೇಕಿಲ್ಲ. ಸ್ಪರ್ಧೆಗೆ ಹೋಗುವವರು ಮುಚ್ಚಳವಿಲ್ಲದ ಪೌಚ್ ಕಟ್ಟಿಕೊಳ್ತಾರೆ, ಸೆಕೆಂಡಿನ ಭಾಗಕ್ಕೂ ಅಂಕ ಇದೆ. ಗೋಡೆ ಹಾರಿ ಕಳ್ಳನ ಹಿಂದೆ ಓಡುವ ಪೊಲೀಸನಿಗೆ ಅದೇ ಪೌಚ್ ಕೊಟ್ಟರೆ 1914ರ ಕೆಸರಿನ ಕಥೆಯೇ. ಮುಚ್ಚಳದ ಪೌಚ್ ಹಾಕುವವನು ಅಭ್ಯಾಸವನ್ನೂ ಮುಚ್ಚಳ ಬಿಚ್ಚಿಯೇ ಮಾಡಬೇಕು, ಎಷ್ಟೇ ನಿಧಾನ ಅನ್ನಿಸಲಿ.

ನಮ್ಮಜ್ಜನ ಹತ್ತಿರ ಲೈಸೆನ್ಸ್ ಇದ್ದ ಒಂದು ತೋಟಾ ಕೋವಿ ಇತ್ತು, ಗದ್ದೆಗೆ ಹಂದಿ ಬರುತ್ತೆ ಅಂತ. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಕೊಟ್ಟು ಬರೋರು. ಎರಡು ತೋಟಾಗಳನ್ನು ಎಲೆಯಡಿಕೆ ಸಂಚಿಯಲ್ಲೇ ಇಟ್ಟುಕೊಳ್ತಿದ್ದರು. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದಾಗ ಸಂಚಿಗೆ ಕೈ ಹಾಕಿದರೆ ಬರೀ ಸುಣ್ಣದ ಡಬ್ಬಿ, ಅಡಿಕೆ. ತೋಟಾ ಸಿಗೋ ಹೊತ್ತಿಗೆ ಹಂದಿಯೂ ಇಲ್ಲ, ಭತ್ತವೂ ಇಲ್ಲ. ಮರುದಿನವೇ ಅಜ್ಜಿಗೆ ಹೇಳಿ ಹಳೇ ಅಂಗಿಯ ಬಟ್ಟೆಯಲ್ಲಿ ಬೇರೆ ಸಂಚಿ ಹೊಲಿಸಿದರು. ಅದನ್ನು ಯಾವಾಗಲೂ ಸೊಂಟದ ಎಡಕ್ಕೇ ಸಿಗಿಸಿಕೊಳ್ಳೋರು. ಅವರು ಹೋಗಿ ಹನ್ನೊಂದು ವರ್ಷವಾಯ್ತು, ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿದ್ದೇವೆ. ಸಂಚಿ ಇನ್ನೂ ಅಟ್ಟದ ಮೇಲಿದೆ.